ಕಾಲು ಹಿಡಿದು ಬೀಳಿಸುವಾಗ ಪೆಟ್ಟಾಗುತ್ತಿದೆಯಾ? ದೋಷ ಹುಡುಕುವ ಕ್ರಮ

ಶಿವಮೊಗ್ಗದಲ್ಲಿ ಗ್ರಾಪ್ಲಿಂಗ್ (ಹೊಡೆಯದೆ, ಹಿಡಿದು ಬೀಳಿಸಿ, ಕತ್ತು ಕೀಲು ಒತ್ತಿ ಸೋಲೊಪ್ಪಿಸುವ ಆಟ) ಕಲಿಯೋಕೆ ಮ್ಯಾಟ್ ಹತ್ತುವವರಲ್ಲಿ ಎರಡು ಥರದ ಜನ ಇದ್ದಾರೆ. ಒಂದು ಥರದವರು ಗರಡಿಯಿಂದ ಬಂದವರು. ಮಾರಿಕಾಂಬ ಜಾತ್ರೆಯ ಕುಸ್ತಿ ನೋಡಿಕೊಂಡೇ ಬೆಳೆದವರು. ಕಾಲಿಗೆ ಕೈ ಹಾಕೋದನ್ನ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇನ್ನೊಂದು ಥರದವರು ಜಿಮ್‌ನಿಂದಲೋ ಮೊಬೈಲ್ ವಿಡಿಯೋದಿಂದಲೋ ಬಂದವರು. ಕತ್ತು ಅಮುಕುವ ಚೋಕ್ ಗೊತ್ತು, ಮೊಣಕೈ ಎಳೆಯುವ ಆರ್ಮ್‌ಬಾರ್ ಗೊತ್ತು, ನಿಂತು ಹಿಡಿಯೋದು ಅಂದ್ರೆ ಮಾತ್ರ ಕೈಕಾಲು ಆಡಲ್ಲ. ಪೆಟ್ಟು ಇಬ್ಬರಿಗೂ ಆಗುತ್ತೆ. ಆದರೆ ಆಗುವ ಜಾಗ ಬೇರೆ, ಕಾರಣ ಬೇರೆ.

ಪೆಟ್ಟಾದ ಮೇಲೆ ಬರುವ ಪ್ರಶ್ನೆ ಒಂದೇ: "ಅಣ್ಣ, ಮಂಡಿ ನೋಯ್ತಿದೆ, ಏನು ಹಚ್ಚಲಿ?" ಹಚ್ಚೋದು ಆಮೇಲೆ. ನೋವು ಮಂಡಿಯಲ್ಲಿದ್ದರೂ ತಪ್ಪು ನಡೆದಿರೋದು ಸಾಮಾನ್ಯವಾಗಿ ಅದಕ್ಕಿಂತ ಒಂದು ಹೆಜ್ಜೆ ಹಿಂದೆ. ದೂರದಿಂದ ನುಗ್ಗಿದ್ದಕ್ಕೆ ಕತ್ತು ಸಿಕ್ಕಿರುತ್ತೆ. ಪಾದ ಬಿಡಿಸದೆ ತಿರುಗಿಸಿದ್ದಕ್ಕೆ ಮಂಡಿ ಉಳುಕಿರುತ್ತೆ. ಆ ಹಿಂದಿನ ಹೆಜ್ಜೆ ಸರಿಮಾಡದೆ ಮುಲಾಮು ಹಚ್ಚಿಕೊಂಡರೆ ಮುಂದಿನ ವಾರ ಅದೇ ನೋವು ತಿರುಗಿ ಬರುತ್ತೆ.

ಹಾಗಾಗಿ ಮೊದಲು ಇಷ್ಟು ಕೇಳಿಕೊಳ್ಳಿ. ಪೆಟ್ಟಾಗಿದ್ದು ನುಗ್ಗಿದವನಿಗಾ, ಬಿದ್ದವನಿಗಾ? ಆಗಿದ್ದು ಒಳಗೆ ಹೋಗುವಾಗಲಾ, ಕಾಲು ಕೈಯಲ್ಲಿದ್ದಾಗಲಾ, ಬೀಳುವಾಗಲಾ? ಆ ಹೊತ್ತಿನಲ್ಲಿ ನೆಲದ ಮೇಲೆ ಊರಿದ್ದ ಪಾದ ಯಾವುದು, ಅದು ತಿರುಗೋಕೆ ಜಾಗ ಇತ್ತಾ? ಯಾರಾದರೂ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದ್ದರೆ ನಿಧಾನಗತಿಯಲ್ಲಿ ಹಾಕಿ ನೋಡಿ. ಎಲ್ಲರ ಕಣ್ಣೂ ಬೀಳುವ ಕ್ಷಣದ ಮೇಲೇ ಇರುತ್ತೆ. ನೀವು ಅದಕ್ಕಿಂತ ಸ್ವಲ್ಪ ಮುಂಚಿನ ಕ್ಷಣದಲ್ಲಿ ನಿಲ್ಲಿಸಿ, ಮುಖ ಬಿಟ್ಟು ಪಾದ ನೋಡಿ.

ಎಲ್ಲಕ್ಕಿಂತ ಮೊದಲು ಮ್ಯಾಟ್

ಮಲೆನಾಡಿನಲ್ಲಿ ಇದನ್ನ ಮೊದಲು ಹೇಳಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಗೋಡೆಯೂ ಬೆವರುತ್ತೆ. ಬೆಳಿಗ್ಗೆ ಒರೆಸಿದ ಮ್ಯಾಟ್ ಸಂಜೆ ಹೊತ್ತಿಗೆ ತೆಳುವಾಗಿ ತೇವ ಹಿಡಿದಿರುತ್ತೆ. ಕಣ್ಣಿಗೆ ಕಾಣಲ್ಲ, ಪಾದಕ್ಕೆ ಗೊತ್ತಾಗುತ್ತೆ. ಶುರು ಮಾಡೋಕೆ ಮುಂಚೆ ಬರಿಗಾಲಿನಲ್ಲಿ ನಿಂತು ಮುಂಗಾಲನ್ನ ಒತ್ತಿ ಹಿಂದಕ್ಕೆ ಎಳೆದು ನೋಡಿ. ಸರ್ರಂತ ಜಾರಿದರೆ ಆ ಜಾಗದಲ್ಲಿ ಶೂಟ್ ಮಾಡಬೇಡಿ, ಅಂದರೆ ಕಾಲು ಹಿಡಿಯೋಕೆ ತಗ್ಗಿ ನುಗ್ಗಬೇಡಿ. ಒದ್ದೆ ಮ್ಯಾಟ್‌ನಲ್ಲಿ ನುಗ್ಗುವಾಗ ಹಿಂದಿನ ಕಾಲು ಜಾರಿ ಎರಡೂ ಕಾಲು ಅಗಲ ಆಗುತ್ತೆ, ತೊಡೆಸಂದಿಯ ಸ್ನಾಯು ಎಳೆದುಕೊಳ್ಳುತ್ತೆ. ನುಗ್ಗಿದವನಿಗೆ ತೊಡೆಯ ಒಳಭಾಗ ನೋವು ಅಂದರೆ ಮೊದಲ ಅನುಮಾನ ನೆಲದ ಮೇಲೆ.

ಜೋಡಿಸುವ ತುಂಡು ಮ್ಯಾಟ್ ಆದರೆ ಸಂದುಗಳನ್ನೂ ನೋಡಿ. ತೇವಕ್ಕೆ ಅಂಚು ಮೇಲೆದ್ದು ಬೆರಳು ಹೋಗುವಷ್ಟು ಸಂದು ಬಿಟ್ಟಿರುತ್ತೆ. ಹೆಬ್ಬೆರಳು ಅದರೊಳಗೆ ಸಿಕ್ಕಿಕೊಂಡು ಉಳಿದ ಮೈ ಮುಂದೆ ಹೋದರೆ ಕಥೆ ಮುಗೀತು. ಮ್ಯಾಟ್ ಒಣಗಿಸೋದು, ಸೋಂಕುನಾಶಕ ಹಾಕಿ ಒರೆಸೋದು ಹುಳುಕಡ್ಡಿ ತಡೆಯೋಕೂ ಬೇಕು. ಅದು ಬೇರೆ ವಿಷಯ, ಇಲ್ಲಿ ಬಿಡುತ್ತೇನೆ.

ಗರಡಿಯಿಂದ ಬಂದವರು ಇನ್ನೊಂದು ವ್ಯತ್ಯಾಸ ತಿಳಿದಿರಬೇಕು. ಕೆಮ್ಮಣ್ಣಿನ ಮಟ್ಟಿಯಲ್ಲಿ ಪಾದ ಸ್ವಲ್ಪ ಹೂತುಕೊಂಡರೂ ಜೋರು ಬಿದ್ದಾಗ ಮಣ್ಣು ಜರುಗುತ್ತೆ, ಪಾದವೂ ಅದರ ಜೊತೆ ತಿರುಗುತ್ತೆ. ಒಣಗಿದ ರಬ್ಬರ್ ಮ್ಯಾಟ್ ಹಾಗಲ್ಲ. ಪಾದವನ್ನ ಹಿಡಿದಿಟ್ಟುಕೊಳ್ಳುತ್ತೆ. ಮೇಲಿನ ಮೈ ತಿರುಗಿ ಪಾದ ತಿರುಗದಿದ್ದರೆ ಆ ತಿರುಚು ಬೀಳೋದು ಮಂಡಿ ಮೇಲೆ. ಮಟ್ಟಿಯಲ್ಲಿ ವರ್ಷಗಟ್ಟಲೆ ಏನೂ ಆಗದ ಪಟ್ಟು ಮ್ಯಾಟ್ ಮೇಲೆ ಮೊದಲ ತಿಂಗಳಲ್ಲೇ ಜೊತೆಗಾರನ ಮಂಡಿ ಕೆಡಿಸಬಹುದು.

ನುಗ್ಗಿದವನ ಮಂಡಿಚಿಪ್ಪು ಊದಿದೆ

ಚಿಪ್ಪಿನ ಮೇಲೆ ಮೆತ್ತಗೆ ನೀರು ತುಂಬಿದ ಹಾಗೆ ಊದಿದ್ದರೆ, ಒಳಗಿನ ಕೀಲು ಚೆನ್ನಾಗಿ ಮಡಚುತ್ತಿದ್ದರೆ, ಅದು ಬಹುತೇಕ ಮಂಡಿ ಕುಟ್ಟಿಕೊಂಡಿದ್ದರಿಂದ ಆಗಿದ್ದು. ಚಿಪ್ಪಿನ ಮುಂದೆ ಒಂದು ಸಣ್ಣ ನೀರಿನ ಚೀಲ ಇದೆ. ಪದೇ ಪದೇ ನೆಲಕ್ಕೆ ಬಡಿದರೆ ಅದು ಊದಿಕೊಳ್ಳುತ್ತೆ.

ಮಂಡಿಗೆ ಪ್ಯಾಡ್ ಹಾಕಿಕೊಂಡರೆ ನೋವು ಕಮ್ಮಿ ಆಗುತ್ತೆ, ದೋಷ ಹೋಗಲ್ಲ. ಮಂಡಿ ಬಡಿಯೋದು ಯಾಕೆ ಅಂದ್ರೆ ದೂರದಿಂದ ನುಗ್ಗೋದಕ್ಕೆ. ಎದುರಾಳಿ ಕೈಗೆ ಸಿಗದಷ್ಟು ದೂರ ಇದ್ದಾಗ ಹಾರಿದ ಹಾಗೆ ಹೋಗುತ್ತಾರೆ, ಆಗ ಮೈಭಾರವೆಲ್ಲ ಒಂದು ಚಿಪ್ಪಿನ ಮೇಲೆ ಇಳಿಯುತ್ತೆ. ಪರೀಕ್ಷೆ ಸುಲಭ: ಶೂಟ್ ಮಾಡುವ ಮುಂಚೆ ಕೈ ಚಾಚಿದರೆ ಎದುರಿನವನ ಹಣೆಯೋ ಮುಂಗೈಯೋ ಮುಟ್ಟಬೇಕು. ಮುಟ್ಟದಿದ್ದರೆ ಇನ್ನೂ ಹೊತ್ತಾಗಿಲ್ಲ ಅಂತ ಅರ್ಥ.

ಎರಡನೆಯದು, ಕೆಳಗೆ ಇಳಿಯೋದು ಮತ್ತು ಮುಂದೆ ಹೋಗೋದು ಎರಡನ್ನೂ ಒಟ್ಟಿಗೆ ಮಾಡೋದು. ಮೊದಲು ಸೊಂಟ ಮಂಡಿ ಮಡಚಿ ಇಳಿಯಬೇಕು, ಆಮೇಲೆ ಮುಂಗಾಲು ಎದುರಾಳಿಯ ಎರಡು ಪಾದಗಳ ನಡುವೆ ಹೋಗಬೇಕು. ಮಂಡಿ ನೆಲ ಮುಟ್ಟಿದರೂ ಸವರಿಕೊಂಡು ಮುಂದೆ ಜಾರಬೇಕು, ದಪ್ ಅಂತ ಸದ್ದು ಬರಬಾರದು. ಪಕ್ಕದಲ್ಲಿ ಕೂತವನಿಗೆ ಸದ್ದು ಕೇಳಿಸಿಕೊಳ್ಳೋಕೆ ಹೇಳಿ. ಸದ್ದು ನಿಲ್ಲದಿದ್ದರೆ ಕೆಲವು ದಿನ ಮಂಡಿ ಊರದೇ ಇರುವ ಸಿಂಗಲ್ ಲೆಗ್ (ಒಂದೇ ಕಾಲು ಹಿಡಿದು ಬೀಳಿಸೋದು) ಮಾತ್ರ ಅಭ್ಯಾಸ ಮಾಡಿ. ಅದರಲ್ಲಿ ಕಳೆದುಕೊಳ್ಳೋದೇನೂ ಇಲ್ಲ.

ಊದಿದ ಜಾಗ ಕೆಂಪಾಗಿ ಬಿಸಿಯಾಗಿದ್ದರೆ, ಜ್ವರ ಬಂದರೆ, ಅದು ಬರೀ ಪೆಟ್ಟಲ್ಲ, ಸೋಂಕು ಸೇರಿರಬಹುದು. ಅಂಥದ್ದನ್ನ ಒತ್ತಬೇಡಿ, ತಿಕ್ಕಬೇಡಿ, ಅದೇ ದಿನ ಡಾಕ್ಟರಿಗೆ ತೋರಿಸಿ.

ಜೊತೆಗಾರನ ಮಂಡಿ

ಇದು ಎಲ್ಲಕ್ಕಿಂತ ದೊಡ್ಡ ತಲೆನೋವು. ನಿಮ್ಮ ಮಂಡಿ ಕೆಟ್ಟರೆ ನಿಮ್ಮ ಹಣೆಬರಹ. ಆದರೆ ನಂಬಿ ಕಾಲು ಕೊಟ್ಟವನ ಮಂಡಿ ಕೆಡಿಸಿದರೆ ಅವನು ತಿಂಗಳುಗಟ್ಟಲೆ ಮನೆಯಲ್ಲಿ ಕೂರಬೇಕು, ನಿಮಗೆ ಹಿಡಿಯೋಕೆ ಜನವೂ ಇರಲ್ಲ.

ನೋವು ಯಾವ ಬದಿಯಲ್ಲಿದೆ ಅಂತ ನೋಡಿದರೆ ಅರ್ಧ ಉತ್ತರ ಸಿಗುತ್ತೆ. ಮಂಡಿಯ ಒಳಬದಿ ನೋಯ್ತಿದ್ದರೆ ಭಾರ ಹೊರಬದಿಯಿಂದ ಬಂದಿದೆ. ಹೊರಗಿನಿಂದ ಒತ್ತಿದಾಗ ಒಳಗಿನ ಕಟ್ಟು ಎಳೆದುಕೊಳ್ಳುತ್ತೆ, ಜಾಸ್ತಿ ಆದರೆ ಹರಿಯುತ್ತೆ. ಮಂಡಿಯ ಹಿಂದೆ ನೋವು ಅಂದರೆ ನೆಟ್ಟಗಿದ್ದ ಕಾಲನ್ನ ಮುಂದಿನಿಂದ ಗುದ್ದಿದ್ದಾರೆ. ಒಳಗೆಲ್ಲೋ ಆಳದಲ್ಲಿ 'ಟಪ್' ಅಂತು, ಕೆಲವೇ ಗಂಟೆಯಲ್ಲಿ ದಪ್ಪ ಊದಿತು ಅಂದರೆ ತಿರುಚಿದೆ, ಮಧ್ಯದ ಕಟ್ಟಿಗೇ ಏಟು ಬಿದ್ದಿರಬಹುದು.

ಮುಂದಿನಿಂದ ಗುದ್ದೋದು ಡಬಲ್ ಲೆಗ್‌ನ, ಅಂದರೆ ಎರಡೂ ಕಾಲು ಒಟ್ಟಿಗೆ ಹಿಡಿದು ಬೀಳಿಸೋದರ ದೋಷ. ಭುಜ ತಾಗಬೇಕಾದ್ದು ತೊಡೆಯ ಮೇಲ್ಭಾಗಕ್ಕೆ, ಸೊಂಟದ ಹತ್ತಿರ. ತಾಗೋದು ಮಂಡಿಗೆ ಅಂದರೆ ನೀವು ತುಂಬಾ ಕೆಳಗೆ ಹೋಗಿದ್ದೀರಿ, ಅಥವಾ ದೂರದಿಂದ ಹೋಗಿ ಅಷ್ಟೊತ್ತಿಗೆ ನೆಲ ಕಚ್ಚಿದ್ದೀರಿ. ಭುಜ ಮೇಲೆ ತಾಗಲಿ, ಎರಡೂ ಕೈ ಮಂಡಿಯ ಹಿಂದಿನ ಗುಳಿಯಲ್ಲಿ ಕೂರಲಿ. ಆಗ ಕಾಲು ಮಡಚಿಕೊಂಡು ಬೀಳುತ್ತೆ.

ಸಿಂಗಲ್ ಲೆಗ್‌ನಲ್ಲಿ ಕೆಡೋದು ಹಿಡಿದ ಮೇಲೆ. ಒಂದು ಕಾಲು ನಿಮ್ಮ ಕೈಯಲ್ಲಿದೆ, ಇನ್ನೊಂದು ಕಾಲಿನ ಮೇಲೆ ಅವನು ನಿಂತಿದ್ದಾನೆ. ಈಗ ಆ ನಿಂತ ಪಾದವನ್ನ ಹತ್ತಿರದಿಂದ ನೋಡಿ. ಬೆರಳುಗಳು ಅಗಲವಾಗಿ ಮ್ಯಾಟ್ ಕಚ್ಚಿಕೊಂಡು ತುದಿ ಬಿಳಿಚಿಕೊಂಡಿದ್ದರೆ, ಹಿಮ್ಮಡಿ ಪೂರ್ತಿ ಊರಿದ್ದರೆ, ಅವನ ಭಾರವೆಲ್ಲ ಅಲ್ಲಿದೆ, ಆ ಪಾದ ಜರುಗಲ್ಲ. ಆ ಹೊತ್ತಿನಲ್ಲಿ ಹೊರಗಿನಿಂದ ಮಂಡಿ ಮಟ್ಟದಲ್ಲಿ ಕಾಲು ಕೊಟ್ಟು ಅಡ್ಡ ಹೊಡೆದರೆ, ನೆಟ್ಟ ಗೂಟವನ್ನ ಪಕ್ಕಕ್ಕೆ ತಳ್ಳಿದ ಹಾಗೆ, ಬುಡ ಕಿತ್ತು ಬರಲ್ಲ, ನಡುವೆ ಮುರಿಯುತ್ತೆ. ನಡುವೆ ಇರೋದು ಮಂಡಿ.

ಸರಿ ಮಾಡೋದು ಹೇಗೆ? ಅವನನ್ನ ಒಂದು ಸಲ ಕುಂಟಿಸಿ. ಹಿಡಿದ ಕಾಲನ್ನ ಸ್ವಲ್ಪ ಮೇಲೆತ್ತಿ ಒಂದು ಹೆಜ್ಜೆ ಸುತ್ತು ಹಾಕಿದರೆ ಅವನು ಸಮತೋಲನಕ್ಕೆ ಕುಂಟಲೇಬೇಕು. ಕುಂಟುವಾಗ ಹಿಮ್ಮಡಿ ಮೇಲೇಳುತ್ತೆ. ಕಾಲು ಹೊಡೆಯೋದಾದರೆ ಆಗ ಹೊಡೆಯಿರಿ, ಅದೂ ಮಂಡಿಗಲ್ಲ, ಹಿಮ್ಮಡಿಯ ಹತ್ತಿರ, ಹಿಂದಿನಿಂದ ಮುಂದಕ್ಕೆ. ಕುಂಡೆ ಮೇಲೆ ಕೂತ ಹಾಗೆ ಬೀಳುತ್ತಾನೆ, ಅಷ್ಟೇ.

ಹಿಡಿದ ಕಾಲಿನದು ಇನ್ನೊಂದು ಕಥೆ. ಜಾಸ್ತಿ ಜನ ಮೀನಖಂಡವನ್ನ ತಬ್ಬಿಕೊಂಡು, ಪಾದವನ್ನ ತಮ್ಮ ತೊಡೆಗಳ ನಡುವೆ ಬಿಗಿಯಾಗಿ ಸಿಕ್ಕಿಸಿ, ಮೈ ತಿರುಗಿಸಿ ಬೀಳಿಸೋಕೆ ನೋಡುತ್ತಾರೆ. ಪಾದ ನಿಮ್ಮ ಜೊತೆ ತಿರುಗುತ್ತೆ, ಅವನ ಸೊಂಟ ತಿರುಗಲ್ಲ. ನಡುವೆ ಸಿಕ್ಕೋದು ಮತ್ತೆ ಮಂಡಿಯೇ. ಹಿಡಿತ ಮಂಡಿಗಿಂತ ಮೇಲಿರಲಿ. ಎದೆ ಅವನ ತೊಡೆಯ ಮೇಲೆ ಅಂಟಿರಲಿ, ತಲೆ ಅವನ ಎದೆಗೆ ಒತ್ತಿರಲಿ. ಅಲ್ಲಿಂದ ಹಿಂದಕ್ಕೆ ಅರ್ಧ ಸುತ್ತು ಹೆಜ್ಜೆ ಹಾಕುತ್ತಾ ಭುಜದ ಭಾರವನ್ನ ತೊಡೆಯ ಮೇಲೆ ಕೆಳಕ್ಕೆ ಬಿಡಿ. ಅವನಿಗೆ ಕಾಲಿಲ್ಲದ ಕಡೆಗೆ, ಅಂದರೆ ನೀವು ಹಿಡಿದ ಕಾಲಿನ ಕಡೆಗೇ ಬೀಳುತ್ತಾನೆ. ಬಲ ಬೇಕಾಗಿಲ್ಲ. ಬಲ ಹಾಕಬೇಕು ಅನ್ನಿಸಿದರೆ ದಿಕ್ಕು ತಪ್ಪಿದೆ.

ಈ ಜಾಗದಲ್ಲಿ ಎರಡು ಥರದ ಜನರ ಅಭ್ಯಾಸವೂ ಎದುರುಬದುರಾಗುತ್ತೆ. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಸೋಲು. ಹಾಗಾಗಿ ಗರಡಿಯ ಹುಡುಗ ಬೀಳುವಾಗ ಗಾಳಿಯಲ್ಲೇ ಹೊಟ್ಟೆ ಕೆಳಗೆ ಮಾಡಿಕೊಳ್ಳುತ್ತಾನೆ. ಅದು ಅವನ ಮೈಯಲ್ಲೇ ಕೂತಿದೆ, ಬೇಡ ಅಂದರೂ ಬಿಡಲ್ಲ. ಅವನ ಪಾದ ನಿಮ್ಮ ತೊಡೆ ಸಂದಿಯಲ್ಲಿ ಸಿಕ್ಕಿದ್ದಾಗ ಹೀಗೆ ತಿರುಗಿದರೆ ಅವನ ಮಂಡಿಯನ್ನ ಅವನೇ ತಿರುಚಿಕೊಂಡ ಹಾಗೆ. ಅವನು ನಿಮ್ಮ ಕಡೆ ಬೆನ್ನು ತಿರುಗಿಸೋಕೆ ಶುರು ಮಾಡಿದ ತಕ್ಷಣ ತೊಡೆ ಸಡಿಲ ಮಾಡಿ ಪಾದ ಬಿಟ್ಟುಬಿಡಿ. ಹಿಂದೆ ಹೋಗಿ ಸೊಂಟ ಹಿಡಿಯಿರಿ. ಸೋಲೊಪ್ಪಿಸಿ ಗೆಲ್ಲುವ ಈ ಸಬ್ಮಿಷನ್ ಆಟದಲ್ಲಿ ಬೆನ್ನು ಸಿಗೋದು ನಿಮಗೆ ಲಾಭವೇ. ಅವನಿಗೂ ಹೇಳಿ: ಇಲ್ಲಿ ಬೆನ್ನು ತಾಗಿದರೆ ಆಟ ಮುಗಿಯಲ್ಲ, ಹೊಟ್ಟೆ ಕೆಳಗೆ ಮಾಡಿದರೆ ಮಾತ್ರ ಕತ್ತಿಗೆ ಕೈ ಬರುತ್ತೆ.

ಇನ್ನು ಅಭ್ಯಾಸದಲ್ಲಿ ಪೂರ್ತಿ ಬಿಟ್ಟೇಬಿಡಬೇಕಾದ ಕೆಲವಿದೆ. ಎರಡೂ ಕಾಲನ್ನ ಕತ್ತರಿ ಹಾಕಿ ಪಕ್ಕದಿಂದ ಹಾರಿ ಬೀಳಿಸೋದು, ಜೂಡೋದಲ್ಲಿ ಕಾನಿ ಬಸಾಮಿ ಅನ್ನೋದು, ನೋಡೋಕೆ ಚೆಂದ. 1980ರಲ್ಲಿ ಜಪಾನ್‌ನ ಒಂದು ದೊಡ್ಡ ಜೂಡೋ ಸ್ಪರ್ಧೆಯಲ್ಲಿ ಎಂಡೋ ಸುಮಿಯೋ ಇದನ್ನ ಹಾಕಿದಾಗ ಯಮಶಿತಾ ಯಸುಹಿರೋ ಅವರ ಕಾಲಿನ ಮೂಳೆ ಮುರಿಯಿತು. ಇಬ್ಬರೂ ಜಗತ್ತಿನ ಮೇಲ್ಮಟ್ಟದ ಆಟಗಾರರು. ಆಮೇಲೆ ಜೂಡೋ ಸ್ಪರ್ಧೆಯಲ್ಲಿ ಇದು ನಿಷೇಧವಾಯಿತು, ಬ್ರೆಜಿಲಿಯನ್ ಜಿಯು-ಜಿತ್ಸು ಒಕ್ಕೂಟವಾದ ಐಬಿಜೆಜೆಎಫ್ ನಿಯಮದಲ್ಲೂ ನಿಷೇಧ. ಅವರಿಗೇ ಆಗಿದ್ದು ಸಂಜೆ ಏಳು ಗಂಟೆಗೆ ಕೆಲಸ ಮುಗಿಸಿ ಬರುವ ನಮಗೆ ಆಗಲ್ವಾ?

ಇದರ ತಮ್ಮನಂಥದ್ದು ಇನ್ನೊಂದಿದೆ. ಹಿಂದಿನಿಂದ ಸೊಂಟ ತಬ್ಬಿ, ಪಕ್ಕಕ್ಕೆ ಕಾಲು ಚಾಚಿ, ಹಿಂದಕ್ಕೆ ಕೂರೋದು. ಕೂರುವಾಗ ನಿಮ್ಮ ಕುಂಡೆ ಅವನ ಮಂಡಿಯ ಪಕ್ಕಕ್ಕೆ ಇಳಿದರೆ ಒಳಗಿನ ಕಟ್ಟು ಹೋಯ್ತು ಅಂತಲೇ ಲೆಕ್ಕ. ಕೂರಲೇಬೇಕು ಅಂದರೆ ಅವನ ಹಿಮ್ಮಡಿಗಳ ಹಿಂದೆ ಕೂರಬೇಕು, ಪಕ್ಕದಲ್ಲಿ ಅಲ್ಲ. ಹೊಸಬರಿಗೆ ಇದೂ ಬೇಡ ಅನ್ನೋದು ನನ್ನ ಅಭಿಪ್ರಾಯ. ಹಾಗೇ ನಿಂತವನ ಮೇಲೆ ಹಾರಿ ಸೊಂಟಕ್ಕೆ ಕಾಲು ಸುತ್ತೋದು. ಎತ್ತರ ಸಾಲದೆ ಮಂಡಿ ಮೇಲೆ ಇಳಿದರೆ ನಿಂತವನ ಗತಿ ಏನು?

ಕತ್ತು ಸಿಕ್ಕಿಕೊಳ್ಳುತ್ತಿದೆ, ಅಥವಾ ನೋಯುತ್ತಿದೆ

ಶೂಟ್ ಮಾಡಿದಾಗಲೆಲ್ಲ ಗಿಲ್ಲಟಿನ್ (ಮುಂದಿನಿಂದ ಕತ್ತಿಗೆ ಕೈ ಸುತ್ತಿ ಅಮುಕೋದು) ಬೀಳ್ತಿದ್ದರೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಒಳಗೆ ಹೋದಾಗ ಕಣ್ಣಿಗೆ ಏನು ಕಂಡಿತು? ಮ್ಯಾಟ್ ಕಂಡಿದ್ದರೆ ತಲೆ ಕೆಳಗಿತ್ತು. ಎದುರಿನ ಗೋಡೆ ಕಾಣಬೇಕು. ತಲೆ ಬಗ್ಗಿದರೆ ಬೆನ್ನೂ ಬಗ್ಗುತ್ತೆ. ಬೆನ್ನು ಬಗ್ಗಿದವನ ಮೇಲೆ ಎದುರಾಳಿ ಸ್ಪ್ರಾಲ್ ಮಾಡಿ, ಅಂದರೆ ಕಾಲು ಹಿಂದಕ್ಕೆ ಎಸೆದು, ಸೊಂಟದ ಭಾರ ಬಿಟ್ಟರೆ ಅದೆಲ್ಲ ಕತ್ತಿನ ಹಿಂಭಾಗಕ್ಕೆ ಬರುತ್ತೆ.

ಸಿಂಗಲ್ ಲೆಗ್‌ನಲ್ಲಿ ತಲೆ ಒಳಗಡೆ, ಅವನ ಎದೆಯ ಮೇಲೆ ಇರಲಿ. ತಲೆ ಹೊರಗೆ ಹೋದರೆ ಕತ್ತಿಗೆ ಸುತ್ತೋಕೆ ಅವನಿಗೆ ಕೈ ಸಿಗುತ್ತೆ, ಮೇಲಾಗಿ ಅವನು ಮುಂದಕ್ಕೆ ಬಿದ್ದರೆ ನಿಮ್ಮ ನೆತ್ತಿ ನೇರ ನೆಲಕ್ಕೆ. ಐಬಿಜೆಜೆಎಫ್ ಬಿಳಿ ಬೆಲ್ಟ್‌ನ ಹೊಸಬರಿಗೆ ತಲೆ ಹೊರಗಿಟ್ಟ ಸಿಂಗಲ್ ಲೆಗ್ ನಿಷೇಧಿಸಿರೋದು ಸುಮ್ನೆ ಅಲ್ಲ. ಡಬಲ್ ಲೆಗ್‌ನಲ್ಲಿ ತಲೆ ಹೊರಗೆ ಇರಲೇಬೇಕಾಗುತ್ತೆ. ಆಗ ಕಿವಿ ಅವನ ಪಕ್ಕೆಲುಬಿಗೆ ಅಂಟಿರಬೇಕು, ನಡುವೆ ಕೈ ತೂರುವಷ್ಟು ಜಾಗ ಇರಬಾರದು. ನೇರ ನುಗ್ಗುವ ಬದಲು ತಲೆಯಿಂದ ಒತ್ತುತ್ತಾ ಓರೆಯಾಗಿ ತಳ್ಳಿ.

ಕತ್ತು ಸಿಕ್ಕೇಬಿಟ್ಟಿತು ಅನ್ನಿ. ಇಲ್ಲೇ ಜನ ಹಠ ಮಾಡೋದು. ಹೇಗೂ ಬೀಳಿಸ್ತೀನಲ್ಲ ಅಂತ ಅದೇ ಹಿಡಿತದಲ್ಲಿ ತಳ್ಳಿಕೊಂಡು ಹೋಗುತ್ತಾರೆ. ಬಿದ್ದಾಗ ಇಬ್ಬರ ಭಾರವೂ ಆ ಕತ್ತಿನ ಮೇಲೆ. ಹಿಡಿತ ಪೂರ್ತಿ ಕೂತಿದ್ದರೆ ನಿಂತಲ್ಲೇ ಟ್ಯಾಪ್ ಮಾಡಿ, ಅಂದರೆ ಸೋತೆ ಅಂತ ಕೈ ತಟ್ಟಿ. ಎರಡೂ ಕೈ ಅವನ ಕಾಲಿನಲ್ಲಿದ್ದರೆ ಬಾಯಲ್ಲಿ ಹೇಳಿ. ಸಡಿಲವಾಗಿದ್ದರೆ, ಬಿದ್ದ ಮೇಲೆ ಮೈಯನ್ನ ತಲೆ ಸಿಕ್ಕಿರುವ ಕಡೆಗೆ ತರಬೇಡಿ, ಅದರ ಎದುರು ಕಡೆಗೆ ತನ್ನಿ. ಕತ್ತು ಹಿಡಿದವನಿಗೂ ಒಂದು ಮಾತು: ಅಭ್ಯಾಸದಲ್ಲಿ ಆ ಕತ್ತನ್ನ ಹಿಡಿದುಕೊಂಡು ದಡಕ್ಕನೆ ಹಿಂದಕ್ಕೆ ಕೂರಬೇಡಿ.

ಜೂಡೋದಿಂದ ಬಂದವರ ಜೊತೆ ಸ್ವಲ್ಪ ಜಾಸ್ತಿ ನಿಧಾನ ಬೇಕು. ಅಲ್ಲಿ 2010ರಲ್ಲಿ ಕಾಲು ಹಿಡಿಯೋದಕ್ಕೆ ಕಡಿವಾಣ ಬಿತ್ತು, 2013ರ ಹೊತ್ತಿಗೆ ಪೂರ್ತಿ ನಿಂತುಹೋಯಿತು. ಆಮೇಲೆ ಕಲಿತವರಿಗೆ ಎಸೆಯೋದು ಅದ್ಭುತವಾಗಿ ಬರುತ್ತೆ, ಕಾಲಿಗೆ ಬಂದವನನ್ನ ತಡೆಯೋ ಅಭ್ಯಾಸ ಇರಲ್ಲ. ಗಾಬರಿಗೆ ಕತ್ತನ್ನೇ ತಬ್ಬಿಕೊಳ್ಳುತ್ತಾರೆ.

ಬಿದ್ದವನ ಕೈ, ತಲೆ

ಮೊಣಕೈ, ಮಣಿಕಟ್ಟು, ಭುಜ ನೋವು ಅಂದರೆ ಬೀಳುವಾಗ ಕೈ ನೆಟ್ಟಗೆ ಊರಿದ್ದಾನೆ. ಬೀಳೋದು ಕಲಿಸದೆ ಬೀಳಿಸೋದು ಕಲಿಸಿದರೆ ಹೀಗೇ. ಗದ್ದ ಎದೆಗೆ, ಬೆನ್ನು ದುಂಡಗೆ, ಕೈ ಮೈ ಪಕ್ಕದಲ್ಲಿ ಅಂಗೈಯಿಂದ ಮ್ಯಾಟ್‌ಗೆ ಬಡಿಯಬೇಕು. ಮೊದಲು ಕೂತಲ್ಲಿಂದ, ಆಮೇಲೆ ಕುಕ್ಕರಗಾಲಿನಿಂದ, ಕೊನೆಗೆ ನಿಂತಲ್ಲಿಂದ. ಇದು ಬಾರದವನನ್ನ ಎತ್ತಲೇಬೇಡಿ. ಎತ್ತಿದರೆ ಇಳಿಸೋ ಜವಾಬ್ದಾರಿ ಎತ್ತಿದವನದು, ಕುಕ್ಕೋದಲ್ಲ.

ಎಲ್ಲ ಸರಿ ಇದೆ, ಆದರೂ ಪೆಟ್ಟಾಗುತ್ತಿದೆ

ಹಾಗಾದರೆ ಗಡಿಯಾರ ನೋಡಿ. ಕೊನೆಯ ರೌಂಡಿನಲ್ಲೇ ಆಗ್ತಿದೆಯಾ? ಸುಸ್ತಾದ ಮೇಲೆ ಯಾರೂ ಮಂಡಿ ಮಡಚಿ ಇಳಿಯಲ್ಲ, ಸೊಂಟ ಬಗ್ಗಿಸಿ ಕೈ ಚಾಚುತ್ತಾರೆ. ನಿಂತು ಆಡುವ ರೌಂಡುಗಳನ್ನ ಮೊದಲಿಗೆ ಇಟ್ಟುಕೊಳ್ಳಿ, ಕೂತು ಆಡೋದು ಕೊನೆಗೆ. ಜೋಡಿ ನೋಡಿ. ಅರವತ್ತು ಕೆಜಿಯವನಿಗೆ ತೊಂಬತ್ತರವನನ್ನ ಹಾಕಿದ್ದೀರಾ? ಜಾಗ ನೋಡಿ. ಚಿಕ್ಕ ಹಾಲ್‌ನಲ್ಲಿ ಮೂರು ಜೋಡಿ ಒಟ್ಟಿಗೆ ನಿಂತರೆ ಒಬ್ಬ ಬೀಳೋದು ಇನ್ನೊಬ್ಬನ ಕಾಲ ಮೇಲೆಯೇ. ನಿಂತು ಆಡುವಾಗ ಒಂದೊಂದೇ ಜೋಡಿ ಬಿಡಿ, ಉಳಿದವರು ಗೋಡೆ ಪಕ್ಕ ಕೂರಲಿ, ಕಾಲು ಮಡಚಿಕೊಂಡು.

ಆಟ ನಿಲ್ಲಿಸಬೇಕಾದ್ದು ಯಾವಾಗ

ಕತ್ತಿನ ನಡುಮೂಳೆಯ ಮೇಲೆ ನೋವು, ಕೈಕಾಲು ಜೋಮು, ಬೆರಳಿಗೆ ಬಲ ಇಲ್ಲ: ಎಬ್ಬಿಸಬೇಡಿ, ತಲೆ ಅಲುಗಾಡಿಸಬೇಡಿ, 108ಕ್ಕೆ ಫೋನ್ ಮಾಡಿ. "ಏಳು ಮಾರಾಯ, ಏನಾಗಲ್ಲ" ಅಂತ ಕೈ ಹಿಡಿದು ಎಳೆಯುವ ಸ್ನೇಹಿತನನ್ನ ದೂರ ಕಳಿಸಿ. ತಲೆ ಬಡಿದ ಮೇಲೆ ವಾಂತಿ, ತಲೆಸುತ್ತು, ಕೇಳಿದ್ದನ್ನೇ ಮತ್ತೆ ಕೇಳೋದು ಇದ್ದರೆ ಆಸ್ಪತ್ರೆಗೆ. ಅವನು ಬೈಕ್ ಓಡಿಸಿಕೊಂಡು ಹೋಗೋದು ಬೇಡ. ಮಂಡಿ 'ಟಪ್' ಅಂದು ಊದಿದರೆ, ಅರ್ಧಕ್ಕೆ ಸಿಕ್ಕಿಕೊಂಡು ನೆಟ್ಟಗಾಗದಿದ್ದರೆ, ಭಾರ ಹಾಕಿದಾಗ ಕುಸಿದರೆ, ಮೂಳೆ ಡಾಕ್ಟರ್ ನೋಡುವವರೆಗೆ ಮ್ಯಾಟ್ ಹತ್ತಬಾರದು. ಎಣ್ಣೆ ಹಾಕಿ ನೀವಿಸಿಕೊಳ್ಳೋದು, ಎಳೆಸಿಕೊಳ್ಳೋದು ಅದಕ್ಕೆ ಮುಂಚೆ ಬೇಡ.

ಡಾಕ್ಟರ್ ಒಪ್ಪಿ ವಾಪಸ್ ಬಂದವನಿಗೆ ಮೊದಲ ದಿನವೇ ಜೋಡಿ ಕೊಡಬೇಡಿ. ಪೂರ್ತಿ ಕುಕ್ಕರಗಾಲಲ್ಲಿ ಕೂತು ಏಳಲಿ, ಪೆಟ್ಟಾದ ಕಾಲಿನಲ್ಲೇ ಕುಂಟಿ ತೋರಿಸಲಿ, ಎರಡು ಕಾಲಿಗೂ ವ್ಯತ್ಯಾಸ ಕಾಣಬಾರದು. ಆಮೇಲೆ ಒಬ್ಬನೇ ಇಳಿಯೋದು, ಹೆಜ್ಜೆ ಹಾಕೋದು. ಆಮೇಲೆ ನಿಂತುಕೊಡುವ ಜೊತೆಗಾರನ ಮೇಲೆ ಹಿಡಿತದವರೆಗೆ ಮಾತ್ರ, ಬೀಳಿಸದೆ. ಕಾಲು ಕೊಡುವ ಸರದಿ ಎಲ್ಲಕ್ಕಿಂತ ಕೊನೆಗೆ ಬರಲಿ, ಅದೂ ಪಾದ ಬಿಡೋದು ಗೊತ್ತಿರುವ ಹಳಬನ ಕೈಗೆ.